ಬಿಡುವು ಭಿಕ್ಷೆಯಲ್ಲ

2025ರ ಜನವರಿ ತಿಂಗಳ ಕೊನೆಯ ವಾರ. ಅತ್ತೂರು ಹಬ್ಬದ ದಿನಗಳು. ಮನೆಭೇಟಿಯ ನಿಮಿತ್ತ ನಾವು ಘಟ್ಟದ ಬುಡದ ಒಂದು ಮನೆಗೆ ಹೋಗಿದ್ದೆವು. ಹೊತ್ತು ಹತ್ತೂವರೆ ದಾಟಿತ್ತು. ಜಗಲಿಯಲ್ಲಿ ಮನೆಯೊಡತಿ ಬೀಡಿಯ ಎಲೆ ಕತ್ತರಿಸುತ್ತಾ ಕುಳಿತಿದ್ದರು. ಕುಶಲೋಪರಿಯ ತರುವಾಯ ಆ ತಾಯಿ ದನಿ ತಗ್ಗಿಸಿ ಹೇಳಿದರು: “ಫಾದರ್, ಮಗಳು ಮೊನ್ನೆ ಬೆಂಗಳೂರಿನಿಂದ ಬಂದಿದ್ದಾಳೆ. ಪರೀಕ್ಷೆ ಮುಗಿಯಿತಂತೆ. ಬಂದಾಗಿನಿಂದ ಮಲಗಿದ್ದೇ ಮಲಗಿದ್ದು. ಪುಸ್ತಕ ಮುಟ್ಟುವುದಿಲ್ಲ, ಮದುವೆ ಮನೆಗೆ ಕರೆದರೆ ಬರುವುದಿಲ್ಲ. ತಾವಾದರೂ ಅವಳಿಗೆ ಸ್ವಲ್ಪ ಬುದ್ಧಿ ಹೇಳಬೇಕು.”

ಬುದ್ಧಿ ಹೇಳುವುದೆಂದರೆ ನಮ್ಮಂಥವರಿಗೆ ಎಲ್ಲಿಲ್ಲದ ಉತ್ಸಾಹ. ಐದು ವರ್ಷದ ಕಾನೂನು ವ್ಯಾಸಂಗದಲ್ಲಿ ಏಳನೆಯ ಸೆಮಿಸ್ಟರ್ ಮುಗಿಸಿ ಬಂದಿದ್ದ ಆ ಹುಡುಗಿಯನ್ನು ಕರೆಸಿದೆವು. ಯೌವನದ ಕಾಲ ಅಮೂಲ್ಯವೆಂದೂ ರಜೆಯನ್ನು ಸದುಪಯೋಗಪಡಿಸಿಕೊಳ್ಳಬೇಕೆಂದೂ ಉಪದೇಶಿಸಿದೆವು. ಅಷ್ಟಕ್ಕೆ ತೃಪ್ತರಾಗದೆ, ನಮ್ಮ ಚರ್ಚಿನ ಸ್ಮಶಾನಕ್ಕೆ ಹೋಗುವ ದಾರಿಯ ತಕರಾರಿಗೆ ಸಂಬಂಧಿಸಿದ ಕಾಗದಪತ್ರಗಳ ಕಟ್ಟನ್ನು ಮರುದಿನವೇ ಆಕೆಯ ಕೈಗೆ ಕೊಟ್ಟು, ತಹಶೀಲ್ದಾರರಿಗೆ ಒಂದು ಅರ್ಜಿ ಬರೆದುಕೊಡುವಂತೆ ಹೇಳಿದೆವು. ಮುಂದಿನ ಭಾನುವಾರ ಪೂಜೆಯ ಬಳಿಕ ಯುವಜನರಿಗೆ ಹೊಸ ಕ್ರಿಮಿನಲ್ ಕಾನೂನುಗಳ ಕುರಿತು ಅರ್ಧ ಗಂಟೆ ಮಾತಾಡಬೇಕೆಂದೂ ಕೇಳಿಕೊಂಡೆವು. ಆಕೆ ಯಾವುದಕ್ಕೂ ಇಲ್ಲವೆನ್ನಲಿಲ್ಲ. ಹತ್ತು ದಿನಗಳ ರಜೆಯಲ್ಲಿ ಮೂರು ದಿನ ಪಹಣಿ, ನಕ್ಷೆಗಳೊಡನೆ ಕಳೆದವು. ಒಂದು ದಿನ ಭಾಷಣದ ಸಿದ್ಧತೆಗೆ ಹೋಯಿತು. ಉಳಿದ ದಿನಗಳನ್ನು ಅಡುಗೆಮನೆಯೂ ನೆಂಟರೂ ಹಂಚಿಕೊಂಡರು. ದಾಯಾದಿ ಚಿಕ್ಕಪ್ಪನೊಬ್ಬರು ತಮ್ಮ ಪಾಲುಪಟ್ಟಿಯ ವ್ಯಾಜ್ಯವನ್ನು ಹೊತ್ತು ಎರಡು ಸಂಜೆ ಬಂದು ಕುಳಿತರಂತೆ.

ಹೊರಡುವ ಹಿಂದಿನ ದಿನ ಆಕೆ ಅರ್ಜಿಯನ್ನು ತಂದುಕೊಟ್ಟಳು. ಅಚ್ಚುಕಟ್ಟಾದ ಬರಹ. ಮೆಚ್ಚಿ, “ರಜೆ ಚೆನ್ನಾಗಿ ಕಳೆಯಿತೇ ಮಗಳೇ?” ಎಂದು ಕೇಳಿದೆವು. ಆಕೆ ಒಂದು ಕ್ಷಣ ಸುಮ್ಮನಿದ್ದು, ಯಾವ ದೂರಿನ ದನಿಯೂ ಇಲ್ಲದೆ ಅಂದಳು: “ಚೆನ್ನಾಗಿತ್ತು ಫಾದರ್. ಆದರೆ ಯಾರಿಗೂ ನಾನು ಬೇಡವಾಗಿದ್ದ ದಿನ ಒಂದೂ ಸಿಗಲಿಲ್ಲ.”

ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ತರುವಾಯ ತಿಳಿದುಬಂದಂತೆ, ಕಾಲೇಜಿಗೆ ಮರಳಿದ ವಾರದೊಳಗೆ ಜ್ವರ ಹಿಡಿದು ಆಕೆ ಹಾಸ್ಟೆಲಿನಲ್ಲಿ ಒಬ್ಬಳೇ ಮಲಗಿದ್ದಳು. ಜ್ವರಕ್ಕೆ ನಾವೇ ಕಾರಣರೆಂದು ಹೇಳುವಷ್ಟು ವೈದ್ಯಶಾಸ್ತ್ರ ನಮಗೆ ತಿಳಿಯದು. ಆದರೆ ದಣಿದು ಮನೆಗೆ ಬಂದ ಮಗುವನ್ನು ದಣಿದಂತೆಯೇ ಹಿಂದಕ್ಕೆ ಕಳುಹಿಸಿದವರಲ್ಲಿ ನಾವೂ ಒಬ್ಬರೆಂಬುದನ್ನು ಅಲ್ಲಗಳೆಯುವಂತಿಲ್ಲ. ಈ ಲೇಖನವನ್ನು ಆ ತಪ್ಪೊಪ್ಪಿಗೆಯಿಂದಲೇ ಆರಂಭಿಸುವುದು ಉಚಿತವೆಂದು ತೋರಿತು.

ಒಂದು ಸೆಮಿಸ್ಟರ್ ಎಂದರೆ ಎಷ್ಟು ಭಾರವೆಂಬುದನ್ನು ನಾವು ಹಿರಿಯರು ಸರಿಯಾಗಿ ಅರಿತಿಲ್ಲ. ನಮ್ಮ ಕಾಲದಲ್ಲಿ ವರ್ಷಕ್ಕೊಂದು ಪರೀಕ್ಷೆ. ಮಾರ್ಚಿ ತಿಂಗಳಿಗೆ ಮೊದಲು ಆಟೋಟ, ನಾಟಕ, ಹಬ್ಬ ಎಲ್ಲಕ್ಕೂ ಎಡೆಯಿತ್ತು. ಈಗಿನ ಕಾನೂನು ವಿದ್ಯಾರ್ಥಿ ಐದು ವರ್ಷಗಳಲ್ಲಿ ಹತ್ತು ಸಲ ಆ ಬೆಂಕಿಯನ್ನು ಹಾಯಬೇಕು. ನಡುವೆ ಆಂತರಿಕ ಪರೀಕ್ಷೆಗಳು, ಅಣಕು ನ್ಯಾಯಾಲಯದ ಸ್ಪರ್ಧೆಗಳು, ಪ್ರಬಂಧಗಳು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ವ್ಯಾಸಂಗದವರು ಒಟ್ಟು ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಪೂರೈಸಬೇಕು. ತರಗತಿಗಳು ನಡೆಯುವಾಗ ಹಾಜರಾತಿಯ ಕಟ್ಟಳೆ ಇರುವುದರಿಂದ ಈ 20 ವಾರಗಳಲ್ಲಿ ಬಹುಪಾಲು ಕಡಿತವಾಗುವುದು ರಜೆಯ ಲೆಕ್ಕದಿಂದಲೇ. ಹೀಗೆ ಹೆಸರಿಗೆ ರಜೆಯೆನಿಸಿಕೊಂಡದ್ದರಲ್ಲಿ ನಿಜವಾದ ರಜೆಯಾಗಿ ಉಳಿಯುವುದು ಎಂಟೋ ಹತ್ತೋ ದಿನ.

ಇದರ ಮೇಲೆ ಈ ತಲೆಮಾರಿನ ಕಾನೂನು ವಿದ್ಯಾರ್ಥಿಗಳ ಪಾಲಿಗೆ ಇನ್ನೊಂದು ಹೊರೆ ಬಂದಿತು. ಆ ಹುಡುಗಿ ಮೊದಲು ಕಲಿತದ್ದು 1860ರ ಭಾರತೀಯ ದಂಡ ಸಂಹಿತೆಯನ್ನು. ಅದರಲ್ಲಿ 511 ಕಲಮುಗಳು. ಕೊಲೆಗೆ ಶಿಕ್ಷೆ 302, ವಂಚನೆಗೆ 420 ಎಂಬುದು ಅಕ್ಷರ ಬಾರದವರಿಗೂ ಬಾಯಿಪಾಠವಾಗಿದ್ದ ಸಂಗತಿ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳು 358 ಆದವು. 302 ಹೋಗಿ 103 ಆಯಿತು, 420 ಹೋಗಿ 318 ಆಯಿತು. ಅದರೊಡನೆ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯಿದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ ಹಳೆಯದನ್ನು ಮರೆಯುವಂತಿಲ್ಲ, ಹೊಸದನ್ನು ಕಲಿಯದೆ ಬಿಡುವಂತಿಲ್ಲ. ಒಂದೇ ತಲೆಯಲ್ಲಿ ಎರಡು ಲೆಕ್ಕಪುಸ್ತಕಗಳನ್ನಿಟ್ಟುಕೊಂಡು ಬದುಕುವ ಪರಿಸ್ಥಿತಿ ಅದು. ಅಂಥ ತಲೆಯು ಪರೀಕ್ಷೆ ಮುಗಿದ ಮರುದಿನ ತಲೆದಿಂಬನ್ನು ಬಯಸಿದರೆ ಅದರಲ್ಲಿ ಆಶ್ಚರ್ಯವೇನು?

ವಿಚಿತ್ರವೆಂದರೆ, ಬಿಡುವಿನ ಹಕ್ಕನ್ನು ಕುರಿತು ಕಾನೂನು ವಿದ್ಯಾರ್ಥಿ ಓದುವಷ್ಟು ಬೇರಾರೂ ಓದುವುದಿಲ್ಲ. ನಮ್ಮ ಸಂವಿಧಾನದ 43ನೆಯ ವಿಧಿ ರಾಜ್ಯಕ್ಕೆ ಕೊಟ್ಟಿರುವ ನಿರ್ದೇಶನದಲ್ಲಿ ದುಡಿಯುವವರಿಗೆ ಜೀವನಯೋಗ್ಯ ವೇತನದ ಜೊತೆಗೆ ಬಿಡುವನ್ನು ಪೂರ್ಣವಾಗಿ ಅನುಭವಿಸುವ ಸ್ಥಿತಿಯೂ ದೊರೆಯಬೇಕೆಂಬ ಆಶಯವಿದೆ. 1948ರ ಮಾನವ ಹಕ್ಕುಗಳ ವಿಶ್ವ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ವಿರಾಮವನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರುತ್ತದೆ. ಇವೆರಡನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ವಿದ್ಯಾರ್ಥಿ ಮನೆಗೆ ಬಂದು ಬೆಳಗ್ಗೆ ಎಂಟರ ತನಕ ಮಲಗಿದರೆ ಅಪರಾಧಿಯಂತೆ ಎದ್ದು ಬರಬೇಕಾಗುತ್ತದೆ. ದುಡಿಮೆಗೆ ಸಂಬಳವಿದ್ದರೆ ಮಾತ್ರ ದಣಿವಿಗೆ ಬೆಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಓದು ಸಂಬಳವಿಲ್ಲದ ದುಡಿಮೆ. ಆದಕಾರಣ ಅದರ ದಣಿವು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಿಡುವಿನ ವಿಷಯದಲ್ಲಿ ಈ ನಾಚಿಕೆ ಮನೆಗಳಿಗೆ ಮಾತ್ರ ಸೀಮಿತವಲ್ಲ. ಸರ್ವೋಚ್ಚ ನ್ಯಾಯಾಲಯದ ಬೇಸಿಗೆ ರಜೆಯನ್ನು ಕುರಿತು ಪ್ರತಿ ವರ್ಷ ಟೀಕೆಗಳು ಬರುತ್ತಿದ್ದುವು. 2024ರಲ್ಲಿ ನಿಯಮಗಳನ್ನು ತಿದ್ದಿ, ರಜೆ ಎಂಬ ಹೆಸರನ್ನೇ ತೆಗೆದು, ಭಾಗಶಃ ಕೆಲಸದ ದಿನಗಳೆಂದು ಕರೆಯಲಾಯಿತು. ಕಾದಿರಿಸಿದ ತೀರ್ಪುಗಳನ್ನು ಬರೆಯುವುದು, ಮುಂದಿನ ಮೊಕದ್ದಮೆಗಳನ್ನು ಓದುವುದು ಆ ದಿನಗಳಲ್ಲೇ ಎಂದು ನ್ಯಾಯಮೂರ್ತಿಗಳು ಹಲವು ಸಲ ವಿವರಿಸಿದ್ದಾರೆ. ಬಾಕಿ ಮೊಕದ್ದಮೆಗಳ ರಾಶಿಯನ್ನು ಕಂಡ ಜನರ ಅಸಹನೆಯೂ ಅಕಾರಣವಲ್ಲ. ಆದರೂ, ದೇಶದ ಅತ್ಯುನ್ನತ ನ್ಯಾಯಪೀಠವೇ ತನ್ನ ಬಿಡುವಿಗೆ ಬೇರೆ ಹೆಸರು ಹುಡುಕಬೇಕಾಗಿ ಬಂದಿರುವಾಗ, ಹಳ್ಳಿಯ ಮನೆಯ ಹುಡುಗಿಯೊಬ್ಬಳು ನಾನು ಸುಮ್ಮನೆ ಮಲಗಿದ್ದೇನೆಂದು ಧೈರ್ಯವಾಗಿ ಹೇಳುವುದೆಂತು?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದ ದಿನಗಳಲ್ಲಿ ನಮ್ಮ ಗುರುಗಳು ಹೇಳುತ್ತಿದ್ದ ಒಂದು ಸಂಗತಿ ನೆನಪಾಗುತ್ತದೆ. ಇಂಗ್ಲಿಷಿನ ಸ್ಕೂಲ್ ಎಂಬ ಪದದ ಮೂಲ ಗ್ರೀಕ್ ಭಾಷೆಯ ಸ್ಕೊಲೆ. ಅದರ ಅರ್ಥ ಬಿಡುವು. ಅರಿಸ್ಟಾಟಲನ ಪ್ರಕಾರ ನಾವು ದುಡಿಯುವುದು ಬಿಡುವನ್ನು ಪಡೆಯುವುದಕ್ಕಾಗಿ. ನಾವಾದರೋ ಅದನ್ನು ತಲೆಕೆಳಗು ಮಾಡಿದ್ದೇವೆ. ಮರುದಿನ ಮತ್ತಷ್ಟು ದುಡಿಯುವುದಕ್ಕಾಗಿ ಮಾತ್ರ ಬಿಡುವು ಎಂಬುದು ನಮ್ಮ ಲೆಕ್ಕ. ಯಂತ್ರಕ್ಕೆ ಎಣ್ಣೆ ಹಾಕುವ ಲೆಕ್ಕವದು. ಮಗಳು ಮನೆಗೆ ಬರುವುದು ಎಣ್ಣೆ ಹಾಕಿಸಿಕೊಳ್ಳುವುದಕ್ಕಲ್ಲ, ಮಗಳಾಗಿರುವುದಕ್ಕೆ.

ಹದಿಮೂರನೆಯ ಶತಮಾನದ ಸಂತ ಅಕ್ವಿನದ ತೋಮಸರು ತಮ್ಮ ಮಹಾಗ್ರಂಥ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ ಆಟವಿನೋದಗಳಲ್ಲಿಯೂ ಸದ್ಗುಣವುಂಟೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಉಂಟೆಂದು ಉತ್ತರಿಸಿದ್ದಾರೆ. ಅಲ್ಲಿ ಅವರು ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಹುಬ್ಬೇರಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡೆಂದು ಯೊವಾನ್ನರು ಅವನಿಗೆ ಹೇಳಿದರು. ಅವನು ಮತ್ತೆ ಮತ್ತೆ ಬಿಟ್ಟನು. ಹೀಗೆಯೇ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲೇ ಮುರಿಯುತ್ತದೆಂದು ಅವನು ಒಪ್ಪಿಕೊಂಡನು. ಮನಸ್ಸಿನ ಗತಿಯೂ ಅಷ್ಟೇ ಎಂಬುದು ಕಥೆಯ ತಾತ್ಪರ್ಯ. ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಇದೇ ತೋಮಸರು ಚಿಂತನೆಯಲ್ಲಿಯೇ ನಿಲ್ಲದೆ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ನಮ್ಮೂರ ಬಚ್ಚಲಿನ ಹಂಡೆಯ ಬಿಸಿನೀರನ್ನು ಅವರು ಕಂಡಿದ್ದರೆ ಅದಕ್ಕೂ ಒಂದು ಅಧ್ಯಾಯವನ್ನು ಮೀಸಲಿಡುತ್ತಿದ್ದರೇನೋ!

“ಸರಿ ಫಾದರ್, ಹಾಗಾದರೆ ಸೋಮಾರಿತನಕ್ಕೂ ಬಿಡುವಿಗೂ ವ್ಯತ್ಯಾಸವೇ ಇಲ್ಲವೇ?” ಎಂದು ಪಾಲಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಇದಕ್ಕೂ ತೋಮಸರಲ್ಲಿ ಉತ್ತರವಿದೆ, ಮತ್ತು ಅದು ನಾವು ನಿರೀಕ್ಷಿಸುವಂಥದಲ್ಲ. ಆಲಸ್ಯವೆಂಬ ಪಾಪ ವಿಶ್ರಾಂತಿಯ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಆಜ್ಞೆಗೆ ವಿರುದ್ಧವಾದುದೆಂದು ಅವರು ಹೇಳುತ್ತಾರೆ. ಎಂದರೆ, ಸೋಮಾರಿಯಾದವನಿಗೆ ನಿಜವಾದ ವಿಶ್ರಾಂತಿಯೇ ಗೊತ್ತಿಲ್ಲ. ಜರ್ಮನಿಯ ದಾರ್ಶನಿಕ ಯೋಸೆಫ್ ಪೀಪರ್ ಬಿಡುವನ್ನು ಕುರಿತು 1948ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥದಲ್ಲಿ ಈ ಮಾತನ್ನೇ ವಿಸ್ತರಿಸಿ, ಆಲಸ್ಯವೂ ಚಡಪಡಿಕೆಯೂ ಒಂದೇ ಬೇರಿನ ಎರಡು ಕೊಂಬೆಗಳೆಂಬ ಅರ್ಥದಲ್ಲಿ ವಾದಿಸಿದ್ದಾರೆ.

ಈ ಮಾತಿನ ಸತ್ಯವನ್ನು ಇಂದು ಪ್ರತಿ ಮನೆಯಲ್ಲೂ ಕಾಣಬಹುದು. ಮಧ್ಯರಾತ್ರಿ ಎರಡರ ತನಕ ಬೆರಳ ತುದಿಯಲ್ಲಿ ಮೊಬೈಲಿನ ಪರದೆಯನ್ನು ಮೇಲಕ್ಕೆ ತಳ್ಳುತ್ತಾ ಮಲಗಿರುವ ಹುಡುಗ ವಿಶ್ರಮಿಸುತ್ತಿಲ್ಲ. ಅವನ ಕೈಯಲ್ಲಿ ಕೆಲಸವಿಲ್ಲ, ಮನಸ್ಸಿಗೆ ಬಿಡುವೂ ಇಲ್ಲ. ಸಹಪಾಠಿಗೆ ಯಾವ ಊರಿನ ಯಾವ ವಕೀಲರ ಕಛೇರಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು, ಯಾರು ಯಾವ ಸ್ಪರ್ಧೆ ಗೆದ್ದರು ಎಂಬ ಸುದ್ದಿಗಳು ಆ ಪರದೆಯಿಂದಲೇ ಬಂದು ಅವನನ್ನು ಚುಚ್ಚುತ್ತಿರುತ್ತವೆ. ಪರೀಕ್ಷೆಯ ಕೊಠಡಿಯಿಂದ ಅವನು ಹೊರಗೆ ಬಂದಿದ್ದಾನೆ. ಸ್ಪರ್ಧೆಯ ಕೊಠಡಿಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೇ ಊರಿಗೆ ತಂದಿದ್ದಾನೆ. ಆದುದರಿಂದ ಯುವಜನರಲ್ಲಿ ನಮ್ಮ ವಿನಂತಿ ಇಷ್ಟೇ. ಮಲಗುವುದಾದರೆ ಚೆನ್ನಾಗಿ ಮಲಗಿರಿ. ತೋಟದ ತೋಡಿನಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳುವುದಾದರೆ ಫೋನನ್ನು ಮನೆಯಲ್ಲಿಟ್ಟು ಹೋಗಿರಿ. ಕೇರಂ ಆಡಿರಿ, ಈಜಿರಿ, ಅಜ್ಜಿಯ ಬಳಿ ಕುಳಿತು ಕೇಳಿದ ಕಥೆಯನ್ನೇ ಮತ್ತೊಮ್ಮೆ ಕೇಳಿರಿ. ಯಾವ ಪ್ರಮಾಣಪತ್ರವೂ ದೊರೆಯದ ಒಂದು ಕೆಲಸವನ್ನಾದರೂ ದಿನಕ್ಕೊಮ್ಮೆ ಮಾಡಿರಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ. ಅದು ಉಳಿದೆಲ್ಲಕ್ಕಿಂತ ಕಠಿಣವಾದುದು. ಮೇಲಿನ ಮಾತುಗಳಲ್ಲಿ ಕೆಲವನ್ನು ನಾವು ಆ ತಾಯಿಗೆ ಹೇಳಿದಾಗ, ಆಕೆ ಬೀಡಿಯ ಮೊರದಿಂದ ತಲೆಯೆತ್ತದೆ ಕೇಳಿದರು: “ಅವಳಿಗೆ ರಜೆ ಬೇಕು, ಸರಿ. ನನಗೆ ಯಾರು ರಜೆ ಕೊಟ್ಟಿದ್ದಾರೆ, ಫಾದರ್?”

ನಮ್ಮ ಬಳಿ ಉತ್ತರವಿರಲಿಲ್ಲ. ಮಗಳ ಶುಲ್ಕದಲ್ಲಿ ಒಂದು ಪಾಲು ಆ ಮೊರದಿಂದಲೇ ಹೋಗುತ್ತದೆ. ಬೆಳಗ್ಗೆ ಐದಕ್ಕೆ ಏಳುವ ಆಕೆಗೆ ಸೆಮಿಸ್ಟರ್ ಎಂಬುದಿಲ್ಲ. ಆದಕಾರಣ ಅದರ ಅಂತ್ಯವೂ ಇಲ್ಲ. ತಾಯಿ ದುಡಿಯುತ್ತಿರುವಾಗ ಮಲಗಿರುವ ಮಗಳಿಗೂ ಆ ನಿದ್ರೆ ಸಿಹಿಯಾಗುವುದಿಲ್ಲ. ನಮಗೆ ಆಮೇಲೆ ತಿಳಿದಂತೆ, ಆಕೆ ಕೋಣೆಯಲ್ಲಿ ಮಲಗಿರುತ್ತಿದ್ದಳೇ ಹೊರತು ಜಗಲಿಯಿಂದ ಬರುವ ಕತ್ತರಿಯ ಸದ್ದನ್ನು ಎಣಿಸುತ್ತಿದ್ದಳಂತೆ. ಆ ಸದ್ದು ತಾಳಲಾರದೆ ಎದ್ದು ಬಂದು ಅಡುಗೆಮನೆ ಹೊಕ್ಕ ದಿನಗಳೇ ಹೆಚ್ಚು. ಹಾಗೆಂದು ತಾಯಿಗೆ ಬಿಡುವಿಲ್ಲದ ಕಾರಣ ಮಗಳಿಗೂ ಬೇಡವೆನ್ನುವುದು ನ್ಯಾಯವಾಗಲಾರದು. ಅನ್ಯಾಯವನ್ನು ಸಮನಾಗಿ ಹಂಚಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲವೆಂಬುದು ಕಾನೂನಿನ ಮೊದಲ ಪಾಠ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗನೂ ಇದ್ದಾನೆ. ಅವನು ರಜೆಯಲ್ಲಿ ಬಂದಾಗ ಯಾರೂ ನಮ್ಮ ಬಳಿ ದೂರು ಹೇಳಿದ್ದಿಲ್ಲ. ಅವನು ಕ್ರಿಕೆಟ್ ಆಡಲು ಹೋದರೆ ಹುಡುಗರು ಆಡಬೇಕಾದ್ದೇ. ಮಲಗಿದರೆ ಪಾಪ, ಓದಿ ದಣಿದಿದ್ದಾನೆ. ಮಗಳು ಬಂದರೆ ಮಾತ್ರ ಒಂದು ಕೈ ಹೆಚ್ಚಾಯಿತೆಂಬ ಲೆಕ್ಕ. ನಮ್ಮ ಬಹುಪಾಲು ಮನೆಗಳಲ್ಲಿ ಮಗನಿಗೆ ಸಿಗುವುದು ರಜೆ, ಮಗಳಿಗೆ ಸಿಗುವುದು ಸ್ಥಳಾಂತರ. ಓದಿನ ಮೇಜಿನಿಂದ ಒಲೆಯ ಬಳಿಗೆ! ತಾಯಿಗೂ ಮಗಳಿಗೂ ಒಟ್ಟಿಗೆ ಬಿಡುವು ದೊರೆಯಬೇಕಾದರೆ ದಾರಿ ಒಂದೇ. ತಂದೆಯೂ ಮಗನೂ ಅಡುಗೆಮನೆಯ ಹೊಸ್ತಿಲನ್ನು ದಾಟಬೇಕು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಸಬ್ಬತ್ ದಿನದ ಆಜ್ಞೆಯನ್ನು ಓದಿ ನೋಡಿರಿ. ಅಲ್ಲಿ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರ ಸಂದದ್ದಲ್ಲ; ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ ಎಲ್ಲಕ್ಕೂ ಅದು ಸಲ್ಲಬೇಕು. ಈಜಿಪ್ಟಿನ ಗುಲಾಮಗಿರಿಯ ನೆನಪೇ ಅದಕ್ಕೆ ಕೊಟ್ಟಿರುವ ಕಾರಣ. ಬಿಡುವಿಲ್ಲದೆ ದುಡಿಸುವುದು ಗುಲಾಮಗಿರಿಯ ಗುರುತು ಎಂಬುದು ಅಷ್ಟು ಹಳೆಯ ಆ ಕಾನೂನಿಗೂ ತಿಳಿದಿತ್ತು.

ವಕೀಲಿ ವೃತ್ತಿಯವರಿಗೆ ಈ ವಿಷಯದಲ್ಲಿ ಆದರ್ಶಪುರುಷನೊಬ್ಬನಿದ್ದಾನೆ. ಇಂಗ್ಲೆಂಡಿನ ಸಂತ ಥಾಮಸ್ ಮೋರ್, 1478ರಲ್ಲಿ ಹುಟ್ಟಿ, ಲಂಡನ್ನಿನ ಲಿಂಕನ್ಸ್ ಇನ್ನಿನಲ್ಲಿ ಕಾನೂನು ಓದಿ, ವಕೀಲನಾಗಿ, ಲಾರ್ಡ್ ಚಾನ್ಸಲರ್ ಪದವಿಗೇರಿ, ಮನಸ್ಸಾಕ್ಷಿಯನ್ನು ಬಿಟ್ಟುಕೊಡಲಾರದೆ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದವರು. 1516ರಲ್ಲಿ ಅವರು ಬರೆದ ‘ಯುಟೋಪಿಯಾ’ ಗ್ರಂಥದ ಕಲ್ಪಿತ ನಾಡಿನಲ್ಲಿ ಜನರು ದಿನಕ್ಕೆ ದುಡಿಯುವುದು ಆರೇ ಗಂಟೆ. ಆ ಗ್ರಂಥದ ಆರಂಭದಲ್ಲಿರುವ ಪತ್ರದಲ್ಲಿ ಮೋರ್, ಇಡೀ ದಿನ ನ್ಯಾಯಾಲಯದ ವ್ಯವಹಾರ ಮುಗಿಸಿ ಮನೆಗೆ ಬಂದ ಮೇಲೆ ಹೆಂಡತಿಯೊಡನೆ, ಮಕ್ಕಳೊಡನೆ, ಆಳುಗಳೊಡನೆ ಮಾತಾಡುವುದೂ ತಪ್ಪಿಸಲಾಗದ ಕರ್ತವ್ಯವೆಂದೂ, ಬರೆಯಲು ಉಳಿಯುವುದು ಊಟ ನಿದ್ರೆಗಳಿಂದ ಕದ್ದ ಹೊತ್ತು ಮಾತ್ರವೆಂದೂ ಹೇಳಿಕೊಂಡಿದ್ದಾರೆ. ಅವರ ಮನೆಯಲ್ಲಿ ಸಾಕುಪ್ರಾಣಿಗಳೂ ಹಕ್ಕಿಗಳೂ ಇದ್ದವು, ನಗಿಸುವುದಕ್ಕೆ ಒಬ್ಬ ವಿದೂಷಕನೂ ಇದ್ದನು. ನಗಲು ಬಲ್ಲವನಾಗಿದ್ದುದರಿಂದಲೇ ಆ ಮನುಷ್ಯ ಸಾವಿನ ಮುಂದೆಯೂ ಅಲುಗಾಡದೆ ನಿಂತನೆಂದು ನಮಗನಿಸುತ್ತದೆ.

ಇದು ಒಬ್ಬ ವಿದ್ಯಾರ್ಥಿನಿಯ ಹತ್ತು ದಿನಗಳ ಮಾತಾಗಿ ಮುಗಿಯುವುದಿಲ್ಲ. ಬಿಡುವಿನ ಬಗ್ಗೆ ನಾಚಿಕೆಪಡಲು ಕಲಿತ ವಿದ್ಯಾರ್ಥಿ ನಾಳೆ ಹಿರಿಯ ವಕೀಲರ ಕಛೇರಿಯಲ್ಲಿ ಕಿರಿಯನಾಗಿ ರಾತ್ರಿ ಹನ್ನೊಂದರ ತನಕ ಕುಳಿತಿರುತ್ತಾನೆ. ಮುಂದೊಂದು ದಿನ ತಾನೇ ಹಿರಿಯನಾಗಿ ತನ್ನ ಕಿರಿಯರನ್ನೂ ಹಾಗೆಯೇ ಕೂರಿಸುತ್ತಾನೆ. ಗಂಡನಿಂದ ಪೆಟ್ಟು ತಿಂದ ಹೆಣ್ಣುಮಗಳೋ, ಜಮೀನು ಕಳೆದುಕೊಳ್ಳಲಿರುವ ಮುದುಕನೋ ಅವನ ಮೇಜಿನ ಮುಂದೆ ಕುಳಿತು ತನ್ನ ಕಥೆಯನ್ನು ಹೇಳತೊಡಗಿದಾಗ, ಅದನ್ನು ಕೊನೆಯ ತನಕ ಕೇಳುವ ತಾಳ್ಮೆ ಅವನಲ್ಲಿ ಉಳಿದಿರಬೇಕಲ್ಲವೇ? ಕೇಳುವ ಕಿವಿ ವಿಶ್ರಮಿಸಿದ ಮನಸ್ಸಿಗೆ ಮಾತ್ರ ಇರುತ್ತದೆ. ನ್ಯಾಯದ ತಕ್ಕಡಿಯನ್ನು ಹಿಡಿಯುವ ಕೈ ದಣಿವಿನಿಂದ ನಡುಗಬಾರದು.

ಆದಕಾರಣ ಕಥೋಲಿಕ ಕುಟುಂಬಗಳಲ್ಲಿ, ಅದರಲ್ಲೂ ದೂರದೂರಿನಲ್ಲಿ ಓದುವ ಮಕ್ಕಳುಳ್ಳ ಪಾಲಕರಲ್ಲಿ, ಮೂರು ಮಾತುಗಳನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇವೆ. ಮೊದಲನೆಯದು, ಪರೀಕ್ಷೆ ಮುಗಿಸಿ ಬಂದ ಮಗುವಿನೊಡನೆ ಫಲಿತಾಂಶದ ಮಾತನ್ನು ಅದು ಪ್ರಕಟವಾಗುವ ತನಕ ಎತ್ತಬೇಡಿರಿ. ಬರೆದಾದ ಉತ್ತರವನ್ನು ನಿಮ್ಮ ಪ್ರಶ್ನೆ ತಿದ್ದಲಾರದು. ಎರಡನೆಯದು, ಮನೆಯ ಪಾಲುಪಟ್ಟಿ, ಗಡಿತಕರಾರು, ಬಾಡಿಗೆಯ ಜಗಳಗಳನ್ನು ಇನ್ನೂ ಸನ್ನದು ಪಡೆಯದ ಮಕ್ಕಳ ತಲೆಗೆ ಕಟ್ಟಬೇಡಿರಿ. ಅದಕ್ಕೆ ವಕೀಲರಿದ್ದಾರೆ, ಅವರಿಗೆ ಸಲ್ಲಬೇಕಾದ ಶುಲ್ಕವಿದೆ. ಮೂರನೆಯದು, ಆ ಹತ್ತು ದಿನಗಳಲ್ಲಿ ಎರಡು ದಿನವನ್ನಾದರೂ ತಾಯಿಯ ಬಿಡುವಿಗೆ ಎತ್ತಿಡಿರಿ. ಗಂಜಿ, ಚಟ್ನಿಯಾದರೂ ಚಿಂತೆಯಿಲ್ಲ, ಅಂದು ಗಂಡಸರು ಬಡಿಸಲಿ.

ನಮ್ಮ ಮಟ್ಟಿಗೆ ಹೇಳುವುದಾದರೆ, ಸ್ಮಶಾನದ ದಾರಿಯ ಕಡತವನ್ನು ಪೇಟೆಯ ವಕೀಲರೊಬ್ಬರಿಗೆ ಒಪ್ಪಿಸಿ ಶುಲ್ಕ ಕೊಟ್ಟಿದ್ದೇವೆ. ಆ ಹುಡುಗಿ ಬರೆದ ಅರ್ಜಿಯಲ್ಲಿ ಎರಡು ಸಾಲುಗಳನ್ನು ಬಿಟ್ಟರೆ ತಿದ್ದುವುದಕ್ಕೇನೂ ಇರಲಿಲ್ಲವೆಂದು ಅವರು ಹೇಳಿದರು. ಮುಂದಿನ ಸೆಮಿಸ್ಟರ್ ಮುಗಿಸಿ ಆಕೆ ಊರಿಗೆ ಬಂದಾಗ ಜೋರು ಮಳೆಗಾಲ. ಮನೆಭೇಟಿಯ ಪಟ್ಟಿಯಲ್ಲಿ ಆ ಮನೆಯ ಹೆಸರಿದ್ದರೂ ಆ ವಾರ ನಾವು ಅತ್ತ ಹೋಗಲಿಲ್ಲ. ಭಾನುವಾರ ಪೂಜೆಯ ಬಳಿಕ ಚರ್ಚಿನ ಬಾಗಿಲಲ್ಲಿ ಆ ತಾಯಿ ಸಿಕ್ಕಿದರು. ಮಗಳೆಲ್ಲಿ ಎಂದು ವಿಚಾರಿಸಿದೆವು.

“ನಿನ್ನೆ ಸಂಜೆಯ ಪೂಜೆಗೇ ಬಂದು ಹೋದಳು, ಫಾದರ್. ಈಗ ಮಲಗಿದ್ದಾಳೆ,” ಎಂದರು ಅವರು. ಆ ಮಾತಿನಲ್ಲಿ ಈ ಸಲ ದೂರು ಇರಲಿಲ್ಲ.